ಮಂಡ್ಯದಲ್ಲಿ ಮಂಜುಗಡ್ಡೆಯೇ ಇಲ್ಲದಿರುವಾಗ ಮಗಳಿಗೆ ಐಸ್ ಹಾಕಿ ಆಟಗಾರ್ತಿಯರನ್ನು ತೋರಿಸಿ ಆಸೆ ಹುಟ್ಟಿಸುವುದು ಸರಿಯೇ?

ನಿಮ್ಮ ಒಂಬತ್ತು ವರ್ಷದ ಮಗಳು ಲಡಾಖ್ ಹುಡುಗಿಯರ ಆಟವನ್ನು ಮೊಬೈಲಿನಲ್ಲಿ ನೋಡಿ ಹಟ ಹಿಡಿದಿದ್ದಾಳೆ, ಇಲ್ಲೇ ಸಿಗುವ ಬೇರೆ ಆಟಕ್ಕೆ ಸೇರಿಸುವುದು ಮೇಲಲ್ಲವೇ ಎಂದು ಕೇಳಿದ್ದೀರಿ. ಮೈಸೂರಿನ ನಮ್ಮ ಮನೆಯಲ್ಲಿ ಈ ಮಾತು 2017ರಲ್ಲಿಯೇ ಬಂದಿತ್ತು. ಹಿಂದಿನ ವರ್ಷವಷ್ಟೇ ತೈಪೆಯಲ್ಲಿ ಮೊದಲ ಬಾರಿಗೆ ಕಣಕ್ಕಿಳಿದು, ಒಂದೂ ಗೆಲುವಿಲ್ಲದೆ ಮರಳಿದ್ದ ಭಾರತದ ಮಹಿಳಾ ತಂಡ, ಆ ವರ್ಷ ಬ್ಯಾಂಕಾಕ್‌ನಲ್ಲಿ ಫಿಲಿಪ್ಪೀನ್ಸ್ ತಂಡವನ್ನು 4-3ರಿಂದ ಸೋಲಿಸಿತು. ಆ ಸುದ್ದಿಯ ಜೊತೆಗಿದ್ದ ದೃಶ್ಯಗಳಲ್ಲಿ ನನ್ನ ಮಗಳ ಕಣ್ಣು ಗೋಲು ಹೊಡೆದವರ ಮೇಲೆ ನಿಲ್ಲಲಿಲ್ಲ. ಎದೆಗೆ, ಕಾಲಿಗೆ, ಮುಖಕ್ಕೆ ರಕ್ಷಣೆ ಕಟ್ಟಿಕೊಂಡು ಗೂಡಿನಂತಹ ಬಲೆಯ ಮುಂದೆ ಬಗ್ಗಿ ನಿಂತಿದ್ದ ಗೋಲ್‌ಕೀಪರನ್ನು ನೋಡಿ, "ಅಮ್ಮ, ಅದರೊಳಗೆ ಇರೋದು ಹುಡುಗೀನಾ?" ಎಂದು ಕೇಳಿದಳು. ಹೌದೆಂದೆ. ಮರುವಾರವೇ ಅವಳನ್ನು ಚಕ್ರದ ಬೂಟಿನ ಸ್ಕೇಟಿಂಗ್ ತರಗತಿಗೆ ಸೇರಿಸಬೇಕಾಯಿತು.

ನಾನು ಎಡವಿದ್ದು ಬೂಟಿನಲ್ಲಿ. ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ನೀವೂ ಇದನ್ನೇ ಮಾಡುವ ಸಂಭವ ಹೆಚ್ಚು. ಜೂನ್ ತಿಂಗಳಲ್ಲಿ ಶಾಲೆಯ ಬೂಟು ಕೊಳ್ಳುವಾಗ ಹೆಬ್ಬೆರಳಿನ ಮುಂದೆ ಒಂದು ಬೆರಳಿನಷ್ಟು ಜಾಗ ಬಿಡಿಸುವ ಅಭ್ಯಾಸ ನಮಗೆಲ್ಲರಿಗೂ ಇದೆಯಷ್ಟೇ. ದೇವರಾಜ ಅರಸು ರಸ್ತೆಯ ಅಂಗಡಿಯಲ್ಲಿ ಸ್ಕೇಟ್ಸ್ ಕೊಳ್ಳುವಾಗಲೂ ನಾನು ಅದೇ ಲೆಕ್ಕ ಹಾಕಿ, ಅಂಗಡಿಯವರು ಬೇಡವೆಂದರೂ ಕೇಳದೆ, ಎರಡು ಸೈಜು ದೊಡ್ಡದನ್ನು ತಂದೆ. ದುಬಾರಿ ವಸ್ತು, ನಾಲ್ಕು ವರ್ಷ ಬರಲಿ ಎಂಬ ಆಸೆ. ಸಡಿಲವಾದ ಜಾಗವನ್ನು ದಪ್ಪ ಕಾಲುಚೀಲದಿಂದ ತುಂಬಿಸಿದೆ. ಹಿಮ್ಮಡಿ ಒಳಗೆ ಮೇಲೆದ್ದು ಕೆಳಗಿಳಿಯುತ್ತಿದ್ದರೆ ಪಾದದ ಒತ್ತಡ ಚಕ್ರಕ್ಕೆ ತಲುಪುವುದಿಲ್ಲ. ಮಗು ಬೀಳಬಾರದೆಂದು ಹರಡನ್ನು ಒಳಮುಖವಾಗಿ ವಾಲಿಸಿಕೊಂಡು, ಮಂಡಿಗಳನ್ನು ಒಂದಕ್ಕೊಂದು ತಾಗಿಸಿಕೊಂಡು ಸಾಗುತ್ತದೆ. ನನ್ನ ಮಗಳು ಒಂದಿಡೀ ವರ್ಷ ಹಾಗೆಯೇ ಆಡಿದಳು. ಅವಳಿಗೆ ಧೈರ್ಯ ಸಾಲದೆಂದು ನಾವು ತಿಳಿದೆವು, ಅವಳೂ ಹಾಗೆಯೇ ತಿಳಿದಳು. ಬೂಟು ಬದಲಾಯಿಸಿದ ಮೇಲೆ ಆ ವಾಲುವಿಕೆಯನ್ನು ಬಿಡಿಸಲು ಹೊಸದಾಗಿ ಕಲಿಸುವುದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಸರಿಯಾದ ಅಳತೆಯ ಗುರುತು ಇಷ್ಟೇ: ನೇರವಾಗಿ ನಿಂತಾಗ ಬೆರಳ ತುದಿ ಬೂಟಿನ ಮುಂಭಾಗವನ್ನು ಹಗುರವಾಗಿ ಮುಟ್ಟಬೇಕು, ಮಂಡಿ ಬಗ್ಗಿಸಿದಾಗ ಹಿಮ್ಮಡಿ ಹಿಂದಕ್ಕೆ ಸರಿದು ಅಲ್ಲಾಡದೆ ಕೂರಬೇಕು. ತೆಳುವಾದ ಕಾಲುಚೀಲ ಸಾಕು. ಐಸ್ ಹಾಕಿಯ ಬೂಟುಗಳನ್ನಂತೂ ಸಾಮಾನ್ಯ ಬೂಟಿಗಿಂತ ಸುಮಾರು ಒಂದು ಸೈಜು ಚಿಕ್ಕದನ್ನೇ ಕೊಳ್ಳುವುದು ರೂಢಿ.

ಇನ್ನು ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಮಂಜುಗಡ್ಡೆ ಇಲ್ಲದ ಊರಿನಲ್ಲಿ ಐಸ್ ಹಾಕಿಯ ಆಸೆ ವ್ಯರ್ಥ ಎನ್ನುವುದಾದರೆ, ಲಡಾಖ್‌ನ ಹುಡುಗಿಯರೂ ಸುಮ್ಮನಿರಬೇಕಾಗಿತ್ತು. ಅವರು ಕಲಿತದ್ದು ಚಳಿಗಾಲದಲ್ಲಿ ಎರಡು ಮೂರು ತಿಂಗಳು ಮಾತ್ರ ಹೆಪ್ಪುಗಟ್ಟುವ ಕೊಳಗಳ ಮೇಲೆ. ಅಂಥವರಿದ್ದ ಭಾರತ ತಂಡ 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು. ನನ್ನ ಮಗಳು ಇಂದಿಗೂ ಮಂಜುಗಡ್ಡೆಯ ಮೇಲೆ ಒಂದು ಪಂದ್ಯವನ್ನೂ ಆಡಿಲ್ಲ. ಸಿಮೆಂಟಿನ ನೆಲದ ಮೇಲೆ, ಒಂದೇ ಸಾಲಿನಲ್ಲಿ ಚಕ್ರಗಳಿರುವ ಬೂಟು ತೊಟ್ಟು ಆಡುವ ಇನ್‌ಲೈನ್ ಹಾಕಿ ಆಡುತ್ತಾಳೆ, ಅದೂ ಗೋಲ್‌ಕೀಪರಾಗಿ. ಎರಡೂ ಒಂದೇ ಆಟವೆಂದು ಹೇಳಿ ಮಗುವನ್ನು ನಂಬಿಸಬೇಡಿ. ಐಸ್ ಹಾಕಿಯಲ್ಲಿ ಗೋಲ್‌ಕೀಪರ್ ಸೇರಿ ಆರು ಜನ, ಇನ್‌ಲೈನ್‌ನಲ್ಲಿ ಐದು ಜನ. ಅಲ್ಲಿ ಅಲಗನ್ನು ಅಡ್ಡ ತಿರುಗಿಸಿ ಮಂಜನ್ನು ಹೆರೆದು ತಟ್ಟನೆ ನಿಲ್ಲುವಂತೆ ಚಕ್ರದ ಮೇಲೆ ನಿಲ್ಲಲಾಗದು. ಆದರೆ ಬಗ್ಗಿ ನಿಲ್ಲುವ ಭಂಗಿ, ತಲೆಯೆತ್ತಿ ಸಾಗುವುದು, ಬಿದ್ದು ಏಳುವುದು ಎರಡಕ್ಕೂ ಬೇಕು.

ವಿಡಿಯೊಗಳ ಬಗ್ಗೆ ನನಗೆ ಅತಿಯಾದ ಭಕ್ತಿಯೇನೂ ಇಲ್ಲ. ಕೆನಡಾದ ಐಸ್ ಹಾಕಿ ಆಟಗಾರ್ತಿ ಹೇಲಿ ವಿಕೆನ್‌ಹೈಸರ್ ನಾಲ್ಕು ಒಲಿಂಪಿಕ್ ಚಿನ್ನ ಗೆದ್ದವರು. ಅವರ ಚಿತ್ರವನ್ನು ನಾವೂ ಗೋಡೆಗೆ ಅಂಟಿಸಿದ್ದೆವು. ನನಗೆ ಮುಖ್ಯವಾಗಿ ಕಂಡದ್ದು ಪದಕಗಳಲ್ಲ, 2018ರಲ್ಲಿ ಅವರು ಲಡಾಖ್‌ಗೆ ಬಂದು ಅಲ್ಲಿನ ಹುಡುಗಿಯರೊಡನೆ ಮಂಜಿನ ಮೇಲೆ ಇಳಿದದ್ದು. ಬೂಟಿನ ತೊಂದರೆಯಿಂದ ಸೋತು ಆಟ ಬಿಡಲು ಸಿದ್ಧಳಾಗಿದ್ದ ನನ್ನ ಮಗಳನ್ನು ಉಳಿಸಿದ್ದು ಗೋಡೆಯ ಚಿತ್ರವಲ್ಲ, ಶ್ರೀರಂಗಪಟ್ಟಣದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಪಿಯುಸಿ ಓದುವ ಒಬ್ಬ ಹುಡುಗಿ. ಬೂಟನ್ನು ಒತ್ತಿ ನೋಡಿ, ಹಿಮ್ಮಡಿ ಆಡುತ್ತಿದೆಯೆಂದು ನನಗೆ ತೋರಿಸಿಕೊಟ್ಟವಳೂ ಅವಳೇ. "ಬೀಳೋವಾಗ ಕೈ ಊರಬೇಡ ಕಣೇ, ಮಂಡಿಗೆ ಪ್ಯಾಡ್ ಕಟ್ಟಿರೋದು ಮತ್ಯಾಕೆ?" ಎಂದು ಗದರುತ್ತಾ, ತಾನೇ ಒಮ್ಮೆ ಬಿದ್ದು ತೋರಿಸುತ್ತಿದ್ದಳು. ನಾನು ಹೇಳಿದರೆ ಕಿವಿಗೆ ಹಾಕಿಕೊಳ್ಳದ ಮಗಳು ಆ ಅಕ್ಕ ಹೇಳಿದ್ದನ್ನು ಮನೆಗೆ ಬಂದು ನನಗೇ ಪಾಠ ಮಾಡುತ್ತಿದ್ದಳು.

ಇಲ್ಲಿನ ತರಗತಿಗಳಲ್ಲಿ ಚಿಕ್ಕ ಹುಡುಗಿಯರಿಗೆ ಬರವಿಲ್ಲ. ಹನ್ನೆರಡು ಹದಿಮೂರು ದಾಟುತ್ತಿದ್ದಂತೆ, ಮುಖ ಕಪ್ಪಾಗುತ್ತದೆ, ಓದು ಕೆಡುತ್ತದೆ, ಕಾಲು ಮುರಿದರೆ ನಾಳೆ ಮದುವೆಗೆ ತೊಂದರೆ ಎಂದು ಒಬ್ಬೊಬ್ಬರನ್ನೇ ಬಿಡಿಸುತ್ತಾರೆ. ಕಿರಿಯರಿಗೆ ಅಕ್ಕಂದಿರೇ ಇಲ್ಲವಾಗುತ್ತಾರೆ. ಹಾಗಾಗಿ ಮಂಡ್ಯದಲ್ಲಿ ಯಾವುದೇ ತರಗತಿಗೆ ಹೋದರೂ ಶುಲ್ಕವೆಷ್ಟು, ಪದಕಗಳೆಷ್ಟು ಎಂದು ಕೇಳುವ ಮೊದಲು, ಹೈಸ್ಕೂಲು ಅಥವಾ ಕಾಲೇಜಿನ ಹುಡುಗಿಯರು ಎಷ್ಟು ಜನ ಬರುತ್ತಾರೆಂದು ಕೇಳಿ, ಅವರು ಅಭ್ಯಾಸ ಮಾಡುವ ಹೊತ್ತಿಗೇ ಮಗಳನ್ನು ಕರೆದುಕೊಂಡು ಹೋಗಿ ನೋಡಿ. ಒಬ್ಬರೂ ಇಲ್ಲವೆಂದರೆ ವಾರಕ್ಕೊಮ್ಮೆಯಾದರೂ ಮೈಸೂರಿಗೆ ರೈಲು ಹತ್ತಿಸಿ. ಬೂಟನ್ನು ಮಾತ್ರ ಆ ದೊಡ್ಡ ಹುಡುಗಿಯರಲ್ಲಿ ಒಬ್ಬಳಿಗೆ ತೋರಿಸಿದ ಮೇಲೆಯೇ ಕೊಳ್ಳಿ.