ತುಮಕೂರಿನ ಹಳೇ ಗೋಡೌನ್ ಒಂದು ಕಾಲಕ್ಕೆ ಟಾಕೀಸ್ ಆಗಿತ್ತಾ? ಕಂಡುಹಿಡಿಯುವುದು ಹೇಗೆ?

ಹೊರಗಿನ ಬಣ್ಣ, ಬೋರ್ಡು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಒಳಗೆ ಹೋಗಿ ಹಿಂದಿನ ಗೋಡೆಯ ಮೇಲ್ಭಾಗ ನೋಡಿ. ಅಲ್ಲಿ ಸಣ್ಣ ಚೌಕದ ಕಿಂಡಿಗಳು ಜೋಡಿಯಾಗಿ ಇದ್ದರೆ ಅದು ಟಾಕೀಸೇ. ಇಟ್ಟಿಗೆ ಇಟ್ಟು ಮುಚ್ಚಿದ್ದರೂ ಗಾರೆಯಲ್ಲಿ ಗುರುತು ಕಾಣುತ್ತದೆ. ಜೋಡಿಯಲ್ಲಿ ಒಂದು ಕಿಂಡಿ ಪ್ರೊಜೆಕ್ಟರಿನ ಬೆಳಕು ಪರದೆಗೆ ಹೋಗುವುದಕ್ಕೆ, ಪಕ್ಕದ್ದು ಆಪರೇಟರ್ ಇಣುಕುವುದಕ್ಕೆ.

ಸಾಮಾನ್ಯವಾಗಿ ಪ್ರೊಜೆಕ್ಟರಿಗೆ ಒಂದರಂತೆ ಎರಡು ಜೋಡಿ ಇರುತ್ತವೆ. 2000 ಅಡಿಯ ರೀಲು ಸುಮಾರು 22 ನಿಮಿಷಕ್ಕೆ ಮುಗಿಯುತ್ತಿತ್ತು. ಅಷ್ಟರಲ್ಲಿ ಎರಡನೇ ಪ್ರೊಜೆಕ್ಟರ್ ಶುರುವಾಗಬೇಕು, ಇಲ್ಲದಿದ್ದರೆ ಗಾಂಧಿ ಕ್ಲಾಸಿನಿಂದ ಶಿಳ್ಳೆ ಗ್ಯಾರಂಟಿ!

ಕಿಂಡಿಗೆ ಕಬ್ಬಿಣದ ಮುಚ್ಚಳ ಇದ್ದರೆ ಅದು ಬೆಂಕಿಯ ಭಯಕ್ಕೆ. ಮೊದಲಿನ ನೈಟ್ರೇಟ್ ಫಿಲ್ಮು ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುತ್ತಿತ್ತು. 1950ರ ದಶಕದಲ್ಲಿ ಸೇಫ್ಟಿ ಫಿಲ್ಮು ಬಂದು ಅದು ಮೂಲೆಗೆ ಸರಿಯಿತು, ಆದರೂ ಮುಚ್ಚಳ ಇಡುವ ಪದ್ಧತಿ ಉಳಿಯಿತು. ಹಾಗಾಗಿ ಮುಚ್ಚಳ ನೋಡಿ ಸುಮ್ನೆ ವರ್ಷ ಹೇಳುವುದಕ್ಕೆ ಆಗುವುದಿಲ್ಲ. ಪ್ರೊಜೆಕ್ಟರ್ ರೂಮಿನ ಮೇಲೆ ಚಿಮಣಿ ಇದೆಯಾ? ಕಾರ್ಬನ್ ಕಡ್ಡಿ ಉರಿಸಿ ಬೆಳಕು ಮಾಡುತ್ತಿದ್ದ ಕಾಲದ್ದು, ಹೊಗೆ ಹೋಗಬೇಕಲ್ವಾ. ಇಳಿಜಾರು ನೆಲವನ್ನು ಗೋಡೌನ್ ಮಾಡುವಾಗ ಮಟ್ಟ ಮಾಡಿಬಿಟ್ಟಿರುತ್ತಾರೆ, ಅದನ್ನು ನಂಬಬೇಡಿ.

ವರ್ಷ ಬೇಕೆಂದರೆ ಕಾಗದವೇ ಗತಿ. 1964ರ ಸಿನಿಮಾ ನಿಯಂತ್ರಣ ಕಾಯ್ದೆ ಪ್ರಕಾರ ಲೈಸೆನ್ಸ್ ಕೊಡುವವರು ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ಡಿಸಿ. ಅವರ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಟಾಕೀಸಿನ ಹೆಸರು ಹೇಳಿ ಅರ್ಜಿ ಹಾಕಿ. ಹೆಸರು ಗೊತ್ತಿಲ್ಲದಿದ್ದರೆ ಮೊದಲು ಆ ಬೀದಿಯ ಹಳೇ ಹೋಟೆಲಿನವರನ್ನು ಕೇಳಿ.