ಫೋಮ್ ಅಂಟಿಸಿದರೆ ಮಾತು ನಿಲ್ಲಲ್ಲ

ಗಾಜಿನ ಮೀಟಿಂಗ್ ರೂಮಿನ ಮಾತೆಲ್ಲ ಪಕ್ಕದ ಡೆಸ್ಕ್‌ಗಳಿಗೆ ಕೇಳುತ್ತೆ, ಒಳಗೆ ಫೋಮ್ ಅಂಟಿಸಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಫೋಮ್ ಒಳಗಿನ ಪ್ರತಿಧ್ವನಿ ಇಳಿಸುತ್ತೆ, ವಿಡಿಯೋ ಕಾಲ್‌ಗೆ ಒಳ್ಳೇದು. ಹೊರಗೆ ಹೋಗೋ ಮಾತನ್ನು ತಡೆಯಲ್ಲ.

ಮೊದಲು ಫಾಲ್ಸ್ ಸೀಲಿಂಗ್‌ನ ಒಂದು ಟೈಲ್ ಎತ್ತಿ ನೋಡಿ. ಎಷ್ಟೋ ಕಡೆ ಪಾರ್ಟಿಷನ್ ಸೀಲಿಂಗ್‌ಗೇ ನಿಂತಿರುತ್ತೆ, ಅಲ್ಲಿಂದ ಮೇಲಿನ ಕಾಂಕ್ರೀಟ್ ಸ್ಲ್ಯಾಬ್‌ವರೆಗೆ ಖಾಲಿ. ಮಾತು ದಾಟೋದೇ ಅಲ್ಲಿ. ಆ ಜಾಗಕ್ಕೆ ಎರಡೂ ಬದಿ 12.5 ಮಿ.ಮೀ. ಜಿಪ್ಸಮ್ ಬೋರ್ಡ್, ನಡುವೆ 50 ಮಿ.ಮೀ. ರಾಕ್‌ವುಲ್ (ಸದ್ದು ಹೀರೋ ಕಲ್ಲಿನ ನಾರಿನ ಹಾಸು) ಹಾಕಿಸಿ, ಡಕ್ಟ್, ಸ್ಪ್ರಿಂಕ್ಲರ್ ಪೈಪ್, ಕೇಬಲ್ ಟ್ರೇ ಸುತ್ತಲಿನ ಸಂದಿಗೆ ಸೀಲೆಂಟ್. ಆದರೆ ಹುಷಾರು: ಎಸಿಯ ರಿಟರ್ನ್ ಗಾಳಿ (ರೂಮಿನಿಂದ ಎಸಿಗೆ ವಾಪಸ್ ಹೋಗೋ ಗಾಳಿ) ಸೀಲಿಂಗ್ ಮೇಲಿಂದಲೇ ಹೋಗ್ತಿದ್ರೆ, ಪೂರ್ತಿ ಮುಚ್ಚಿದ ದಿನವೇ ರೂಮಿನಲ್ಲಿ ಸೆಕೆ ಶುರು. ಗಾಳಿ ಮಾತ್ರ ದಾಟಿ ಮಾತು ದಾಟದ ಹಾಗೆ, ಒಳಗೆ ಸದ್ದು ಹೀರೋ ಅಕೌಸ್ಟಿಕ್ ಲೈನಿಂಗ್ ಇರುವ, ಎರಡು ಕಡೆ ತಿರುವು ಕೊಟ್ಟ ಟ್ರಾನ್ಸ್‌ಫರ್ ಡಕ್ಟ್ ಬೇಕಾಗುತ್ತೆ.

ಆಮೇಲೆ ಬಾಗಿಲು. ಫ್ರೇಮ್ ಇಲ್ಲದ ಗಾಜಿನ ಬಾಗಿಲ ಕೆಳಗೆ 10 ಮಿ.ಮೀ. ಸಂದಿ ಬಿಟ್ಟರೆ ಉಳಿದ ಖರ್ಚೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಗ್ಯಾಸ್ಕೆಟ್ (ಸಂದಿ ಮುಚ್ಚೋ ರಬ್ಬರ್ ಪಟ್ಟಿ) ಇರುವ ಅಲ್ಯೂಮಿನಿಯಂ ಫ್ರೇಮ್, ಕೆಳಗೆ ಡ್ರಾಪ್ ಸೀಲ್ (ಬಾಗಿಲು ಮುಚ್ಚಿದಾಗ ತಾನೇ ಕೆಳಗಿಳಿಯೋ ಪಟ್ಟಿ) ಹಾಕಿಸಿ. ಗಾಜು ಬದಲಿಸೋ ಯೋಚನೆ ಕೊನೆಗಿರಲಿ.

ಬಿಲ್ ಪಾಸ್ ಮಾಡೋ ಮೊದಲು ಸೀಲಿಂಗ್ ಒಳಗೆ ಒಂದು ಬದಿ ಟಾರ್ಚ್ ಹಿಡಿಸಿ, ಇನ್ನೊಂದು ಬದಿಯಿಂದ ನೋಡಿ. ಬೆಳಕು ಕಂಡಲ್ಲೆಲ್ಲ ಮಾತೂ ದಾಟುತ್ತೆ.