ಎರಡನೇ ಪ್ಯಾಕೇಜಿಗೆ ಬಳೆ ಅಡ ಇಡಬೇಡಿ

ಈ ಮನೆಯವರ ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಡೊಂಬಿವಲಿ, ಠಾಣೆ ಕಡೆಯ ನಮ್ಮ ಕನ್ನಡದ ಮನೆಗಳಿಂದ ಮಗುವಿನ ನ್ಯೂರೋಫೀಡ್‌ಬ್ಯಾಕ್‌ಗೆ, ಅಂದರೆ ಮೆದುಳಿನ ಅಲೆ ನೋಡಿ ಗಮನ ಕಲಿಸುವ ತರಬೇತಿಗೆ, ಸಾಲ ಮಾಡಲಾ ಅನ್ನುವ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಹುಡುಗನಿಗೆ ಒಂಬತ್ತು ವರ್ಷ. ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ತೊಂದರೆ) ಅಂತ ಡಾಕ್ಟರು ಮಾತ್ರೆ ಬರೆದಿದ್ದಾರೆ. ಅಪ್ಪನಿಗೆ ಹೋಟೆಲ್ ಕೆಲಸ, ಮನೆಗೆ ಬರುವಷ್ಟರಲ್ಲಿ ಮಗ ಮಲಗಿರುತ್ತಾನೆ. ಒಂದು ಕಡೆ ನ್ಯೂರೋಫೀಡ್‌ಬ್ಯಾಕ್‌ಗೆ ದುಡ್ಡು ಕಟ್ಟಿದ್ದರು. ತಲೆಗೆ ಸೆನ್ಸರ್, ಕಣ್ಣಿಗೆ ಆಟ ತೋರಿಸುವ ವಿಆರ್ ಕನ್ನಡಕ. ಮೆದುಳಿನ ನಿಧಾನದ ಥೀಟಾ ಅಲೆ ಇಳಿದು ವೇಗದ ಬೀಟಾ ಅಲೆ ಏರಿದರೆ ಆಟದ ದೋಣಿ ಮುಂದೆ ಹೋಗುತ್ತದೆ. ಈಗ ಎರಡನೇ ಪ್ಯಾಕೇಜ್ ತಗೊಳ್ಳಿ ಅಂದಿದ್ದಾರಂತೆ. ಬಳೆ ಅಡ ಇಡಲಾ, ಮಾತ್ರೆ ನಿಲ್ಲಿಸಲಾ ಅಂತ ತಾಯಿ ಕೇಳಿದರು.

ನಾನು ಹುಡುಗನ ಕಡೆ ತಿರುಗಿದೆ. ಅಲ್ಲಿ ನಿಂಗೇನು ಇಷ್ಟ? ಅವನು ನನ್ನ ಮೇಜಿನ ಸ್ಟೇಪ್ಲರ್ ಬಿಚ್ಚುತ್ತಾ, ಮುಚ್ಚುತ್ತಾ ಹೇಳಿದ: "ಸರಿ ಮಾಡಿದ್ರೆ ತಕ್ಷಣ ಟಿಂಗ್ ಅನ್ನುತ್ತೆ ಆಂಟಿ. ತಪ್ಪಾದ್ರೆ ದೋಣಿ ನಿಲ್ಲುತ್ತೆ, ಅಷ್ಟೇ. ಯಾರೂ ಬೈಯಲ್ಲ."

ತಾಯಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೋಮ್‌ವರ್ಕ್ ಮುಗಿಯೋ ತನಕ ನನ್ನ ಬಾಯಿ ನಿಲ್ಲಲ್ಲ ಮೇಡಂ" ಅಂದರು.

2021ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದ ವಿಷಯ ಅವರಿಗೆ ಹೇಳಿದೆ. 7ರಿಂದ 10 ವರ್ಷದ 144 ಮಕ್ಕಳು. ಕೆಲವರಿಗೆ ನಿಜವಾದ ನ್ಯೂರೋಫೀಡ್‌ಬ್ಯಾಕ್, ಉಳಿದವರಿಗೆ ಬರೀ ಹಾಗೆ ಕಾಣುವ ಹುಸಿ ತರಬೇತಿ. ಯಾರಿಗೆ ಯಾವುದು ಅಂತ ಮನೆಯವರಿಗೂ ಗೊತ್ತಿರಲಿಲ್ಲ. ಕೊನೆಗೆ ಎರಡೂ ಗುಂಪಿನ ಮಕ್ಕಳು ಹೆಚ್ಚುಕಡಿಮೆ ಒಂದೇ ಥರ ಸುಧಾರಿಸಿದ್ದರು. ದಿನಾ ನಿಗದಿಯಾದ ಸಮಯ, ಪಕ್ಕದಲ್ಲಿ ತಾಳ್ಮೆಯ ದೊಡ್ಡವರು, ತಕ್ಷಣ ಸಿಗುವ ಶಾಭಾಸ್, ಇವೇ ಜಾಸ್ತಿ ಕೆಲಸ ಮಾಡಿರಬೇಕು ಅಂತ ನನ್ನ ನಂಬಿಕೆ.

ನಾನು ಹೊಸದಕ್ಕೆಲ್ಲ ಅಡ್ಡ ಬರುತ್ತೇನೆ ಅಂತ ಕೆಲವು ಪೋಷಕರಿಗೆ ಸಿಟ್ಟಿದೆ. ಅಡ್ಡ ಬರುವುದು ಸಾಲಕ್ಕೆ, ಮಾತ್ರೆ ಬಿಡಿಸುವ ಮಾತಿಗೆ. ಮಾತ್ರೆ ನಿಲ್ಲಿಸುವುದು ಬರೆದ ಡಾಕ್ಟರನ್ನು ಕೇಳಿಯೇ ಆಗಬೇಕು.

ಮನೆಯಲ್ಲಿ ಹೋಮ್‌ವರ್ಕನ್ನು ಹತ್ತು ಹತ್ತು ನಿಮಿಷಕ್ಕೆ ತುಂಡು ಮಾಡಿ ಅಂದೆ. ಪುಸ್ತಕ ತೆಗೆದ ಕೂಡಲೇ ಮೆಚ್ಚಿಕೊಳ್ಳಿ, ಪೂರ್ತಿ ಮುಗಿಯಲಿ ಅಂತ ಕಾಯಬೇಡಿ. ತಪ್ಪಾದರೆ ಸುಮ್ನೆ ನಿಲ್ಲಿಸಿ, ಮತ್ತೆ ಶುರು ಮಾಡಿಸಿ. ತರಬೇತಿಯ ವಿಷಯ ಗೊತ್ತಿಲ್ಲದ ಕ್ಲಾಸ್ ಟೀಚರನ್ನು ಕೇಳಿ, ಮಗು ಬದಲಾಗಿದ್ದಾನಾ ಅಂತ. ಆ ಉತ್ತರ ಪರದೆ ಮೇಲಿನ ಅಂಕಕ್ಕಿಂತ ನಂಬಬಹುದಾದದ್ದು.

ಮೊದಲ ಪ್ಯಾಕೇಜಿನಲ್ಲಿ ಇನ್ನೂ ಕೆಲವು ಸಲ ಉಳಿದಿತ್ತು. "ದುಡ್ಡು ಕಟ್ಟಿ ಆಗಿದೆ, ಹೋಗಬಹುದಾ?" ಅಂತ ಕೇಳಿದರು. ಹುಡುಗನಿಗೆ ಇಷ್ಟ, ಧಾರಾಳವಾಗಿ ಹೋಗಲಿ ಅಂದೆ.